ಬಿಪಿ ನೋಡಾಕ ಎರಡೆರಡು ಗ್ಲೌಸ್ ಯಾಕ, ತಂಗಿ?

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಹುಬ್ಬಳ್ಳಿ ಖಾಸಗಿ ಆಸ್ಪತ್ರ್ಯಾಗ ಸ್ಟಾಫ್ ನರ್ಸ್, ದಿನಾ ಗದಗಿನಿಂದ ರೈಲಿಗೆ ಓಡಾಟ, ಮನ್ಯಾಗ ಎಂಟು ತಿಂಗಳ ಕೂಸು. ಹರ್ನಿಯಾ ಆಪರೇಷನ್ ಆದ ಪೇಷಂಟ್ ಒಬ್ರಿಗೆ ಎಚ್‌ಐವಿ ಅಂತ ಗೊತ್ತಾಗಿ ಸೀನಿಯರ್ ಸಿಸ್ಟರ್ ಫೈಲಿಗೆ ಕೆಂಪು ಸ್ಟಿಕರ್ ಅಂಟಿಸಿದ್ರು, ನೀನೂ ಬಿಪಿ ನೋಡಾಕ ಎರಡೆರಡು ಗ್ಲೌಸ್ ಹಾಕ್ಕೊಂಡು ಹೋದಿ, ಪಕ್ಕದ ಬೆಡ್ಡಿನವ್ರಿಗೆ ಮಾತ್ರ ಬರಿಗೈಲೆ ಕಫ್ ಕಟ್ಟಿದಿ, ಅದನ್ನ ನೋಡಿ ಅವರು ಮಾರಿ ಗ್ವಾಡಿ ಕಡೆ ತಿರುವಿದ್ರು. ಅವತ್ತಿನಿಂದ ನಿದ್ದಿ ಇಲ್ಲ ಅಂತಿ, ಇತ್ತ ನಿಮ್ಮತ್ತಿ ಕೆಲಸನ ಬಿಡು ಅಂತಾರ.

ಕೆಲಸ ಬಿಡಬ್ಯಾಡ. ಹೆದರಿಕಿ ಎಲ್ಲರಿಗೂ ಆಗತೈತಿ, ನಾನೂ ಹೊಸದಾಗಿ ವಾರ್ಡಿಗೆ ಸೇರಿದಾಗ ಅಂಥಾ ಒಬ್ರಿಗೆ ಊಟದ ತಾಟು ದೂರದಿಂದ ಸರಿಸಿದ್ದೆ, ಇವತ್ತಿಗೂ ನೆನಪಾದ್ರ ಹೊಟ್ಟಿ ಚುರ್ ಅಂತೈತಿ.

ಕಫ್ ಕಟ್ಟಿದ್ರ, ನಾಡಿ ಹಿಡಿದ್ರ, ಬೆವರು ಹತ್ತಿದ್ರ ಎಚ್‌ಐವಿ ಬರೂದಿಲ್ಲ, ನೀನೂ ಓದೀದಿ. ನೀ ಹೆದರಬೇಕಾದ್ದು ರಾತ್ರಿ ಮೂರಕ್ಕ ಕಣ್ಣು ಎಳೀವಾಗ ಬಳಸಿದ ಸೂಜಿಗೆ ವಾಪಸ್ ಕ್ಯಾಪ್ ಹಾಕ್ತೀವಲ್ಲ, ಅದಕ್ಕ. ಹಂಗ ಚುಚ್ಚಿದ್ರೂ ಔಷಧ ತಗೊಳ್ಳದಿದ್ರ ಎಚ್‌ಐವಿ ತಗಲೂದು 1000ಕ್ಕ 3 ಸಲದಷ್ಟು, ಹೆಪಟೈಟಿಸ್ ಬಿ ಲಸಿಕಿ ಇಲ್ಲದವ್ರಿಗೆ 100ಕ್ಕ 30ರ ತನಕ ತಗಲಬಹುದು, ಮತ್ತ ಅದಕ್ಕ ಯಾರೂ ಸ್ಟಿಕರ್ ಹಚ್ಚೂದಿಲ್ಲ! ನಿನ್ನ ಮೂರೂ ಡೋಸ್ ಆಗ್ಯಾವೇನ ಮೊದಲ ನೋಡ್ಕೋ. ಟೆಸ್ಟ್ ಮಾಡಿಸದೇ ಇದ್ದವ್ರು ನಿನ್ನ ವಾರ್ಡಿನ್ಯಾಗ ಇರತಾರ, ಅದಕ್ಕ ರಕ್ತ ಮುಟ್ಟೂ ಕೆಲಸ ಇದ್ರ ಯಾರದ್ದ ಇರಲಿ ಗ್ಲೌಸ್ ಹಾಕ್ಕೋ.

ಸೂಜಿ ಚುಚ್ಚಿತಂದ್ರ ಬೆರಳು ಹಿಂಡಬ್ಯಾಡ, ಬಾಯಾಗ ಇಡಬ್ಯಾಡ, ಸೋಪು ಹಚ್ಚಿ ನಳದ ನೀರಾಗ ತೊಳಕೊಂಡು ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳು. ಪೆಪ್ ಗುಳಿಗಿ, ಅಂದ್ರ ಚುಚ್ಚಿದ ಮ್ಯಾಲ ಎಚ್‌ಐವಿ ತಗಲದಂಗ ತಡಿಯೂ ಔಷಧ, ಎರಡು ತಾಸಿನೊಳಗ ಶುರು ಮಾಡಿದ್ರ ಭಾಳ ಚಲೋ, 72 ತಾಸು ದಾಟಬಾರದು, 28 ದಿನ ನುಂಗಬೇಕು, ಕೂಸಿಗೆ ಹಾಲು ಕುಡಿಸ್ತೀನಿ ಅನ್ನೂದನ್ನೂ ಆವಾಗನ ಹೇಳಬೇಕು. ಆ ಗುಳಿಗಿ ನೈಟ್ ಡ್ಯೂಟ್ಯಾಗ ಎಲ್ಲಿ ಸಿಗತಾವ ಅಂತ ನಾಳೆನ ಇನ್‌ಚಾರ್ಜ್ ಸಿಸ್ಟರಿಗೆ ಕೇಳು, ಸಂಕೋಚ ಬ್ಯಾಡ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅದನ್ನ ಕೊಡೂದು ಆಸ್ಪತ್ರಿ ಜವಾಬ್ದಾರಿ. ಅದ ಕಾಯ್ದೆ ಪೇಷಂಟಿನ ಗುಟ್ಟನ್ನೂ ಕಾಯತೈತಿ, ಕಂಡವ್ರೆಲ್ಲಾ ಓದೂ ಹಂಗ ಸ್ಟಿಕರ್ ಹಚ್ಚೂದು ತಪ್ಪು, ಅದನ್ನೂ ಸಿಸ್ಟರಿಗೆ ಹೇಳು.

ನಿಮ್ಮತ್ತಿನ್ನ ಕೂಡಿಸ್ಕೊಂಡು ಇದೆಲ್ಲಾ ಹೇಳು, ನಂಬಲಿಲ್ಲಂದ್ರ ಏಡ್ಸ್ ಸಹಾಯವಾಣಿ 1097ಕ್ಕ ಫೋನ್ ಹಚ್ಚಿಕೊಡು, ಪುಕ್ಕಟೆ ಐತಿ. ಆದ್ರ ಆ ಪೇಷಂಟಿನ ಹೆಸರು, ಊರು ಮನ್ಯಾಗ ಬಾಯಿಬಿಡಬ್ಯಾಡ.

ಗುರುವಾರ ಅವರು ಹೊಲಿಗಿ ಬಿಚ್ಚಿಸಾಕ ಬರ್ತಾರಂತ ಬರದಿ. ಹೊಲಿಗಿ ಬಿಚ್ಚುವಾಗ ಗ್ಲೌಸ್ ಹಾಕ್ಕೋ, ಎಲ್ಲರಿಗೂ ಹಾಕೂ ಹಂಗ ಒಂದ ಜೋಡಿ. ಅದಕ್ಕೂ ಮೊದಲ ಬರಿಗೈಲೆ ಬಿಪಿ ನೋಡು, ಕಫ್ ಬಿಚ್ಚುವಾಗ “ಅವತ್ತು ನಂದ ತಪ್ಪಾತ್ರಿ ಅಣ್ಣಾರ” ಅಂತ ಮೆಲ್ಲಕ, ಪಕ್ಕದವ್ರಿಗೆ ಕೇಳದಂಗ ಹೇಳು.