ಒತ್ತಡ ಇಳಿಸಲು ನಸುಕಿನ ಓಟ ಒಳ್ಳೆಯದೋ, ಜಿಮ್ ಒಳ್ಳೆಯದೋ?

ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ಹೋಗಿಬರುವವರು, ಒತ್ತಡ ತಾಳಲಾರದೆ ನಾಲ್ಕು ಗಂಟೆಗೇ ಎದ್ದು ವ್ಯಾಯಾಮ ಮಾಡಬೇಕೆಂದಿದ್ದೀರಿ. ಓಟವೋ ಜಿಮ್ಮೋ ಎಂಬುದು ಆಮೇಲಿನ ಮಾತು. ಮೊದಲು ಆ ನಾಲ್ಕು ಗಂಟೆಯ ಅಲಾರಾಂ ತೆಗೆಯಿರಿ.

ನಾನು ಕುಂಬಳೆಯವನು, ಇದೇ ರೈಲಿನಲ್ಲಿ ವರ್ಷಗಟ್ಟಲೆ ಓಡಾಡಿದವನು. ಸಂಜೆಯ ರೈಲು ತಪ್ಪಿತೆಂದರೆ ತುಂಬಿದ ಬಸ್ಸಿನಲ್ಲಿ ನಿಂತೇ ತಲಪಾಡಿ ದಾಟಬೇಕು. ಮನೆ ಸೇರಿ, ಉಂಡು, ಮಲಗುವಾಗ ಹನ್ನೊಂದು ದಾಟುತ್ತಿತ್ತು. ರಕ್ತದೊತ್ತಡ ಏರಿದ್ದನ್ನು ಕಂಡ ವೈದ್ಯರು ವ್ಯಾಯಾಮ ಮಾಡಿ ಎಂದರು. ನಾನು ನಾಲ್ಕಕ್ಕೇ ಎದ್ದು ಆರಿಕ್ಕಾಡಿಯ ಕಡೆಗೆ ಕತ್ತಲಲ್ಲಿ ಓಡತೊಡಗಿದೆ.

ನನ್ನನ್ನು ಮೋಸಗೊಳಿಸಿದ್ದು ಓಟದ ನಂತರದ ಆ ಹಗುರ. ಎರಡು ತಾಸು ಮನಸ್ಸು ತಿಳಿಯಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎದುರು ಸಿಕ್ಕವರ ಮೇಲೆಲ್ಲ ರೇಗುತ್ತಿದ್ದೆ. ವ್ಯಾಯಾಮ ಸಾಲದೇನೋ ಎಂದುಕೊಂಡು ಇನ್ನಷ್ಟು ದೂರ ಓಡಿದೆ. ಇಲ್ಲೇ ನಾನು ಎಡವಿದ್ದು, ಇದನ್ನು ಬಿಡಿಸಿ ಹೇಳಲೇಬೇಕು. ತಪ್ಪು ಓಟದ್ದಲ್ಲ, ಓಟಕ್ಕೆ ಬೇಕಾದ ಸಮಯವನ್ನು ನಿದ್ದೆಯಿಂದ ಕಿತ್ತುಕೊಂಡದ್ದು. ಬಿರುಸಿನ ಓಟವೂ ದೇಹಕ್ಕೊಂದು ಒತ್ತಡವೇ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳೆರಡೂ ಆಗ ಏರುತ್ತವೆ. ಆ ಏರಿಕೆ ಇಳಿದು, ಸ್ನಾಯು ಎಲುಬುಗಳು ದುರಸ್ತಿಯಾಗಿ, ಮುಂದಿನ ಒತ್ತಡವನ್ನು ತಾಳುವ ಶಕ್ತಿ ಬರುವುದು ವಿಶ್ರಾಂತಿಯಲ್ಲಿ, ಅದರಲ್ಲೂ ನಿದ್ದೆಯಲ್ಲಿ. ವಯಸ್ಕರಿಗೆ ಕನಿಷ್ಠ ಏಳು ತಾಸು ನಿದ್ದೆ ಬೇಕು. ನನಗೆ ಐದೂ ಸಿಗುತ್ತಿರಲಿಲ್ಲ. ಹೀಗೆ ಸಾಲದ ಮೇಲೆ ಸಾಲ ಮಾಡುತ್ತಾ ಹೋದೆ. ಕೊನೆಗೆ ಕಣಕಾಲಿನ ಎಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತು. ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕುಳಿತೆ.

ಬೇರೆಯಾಗಿ ಸಮಯವನ್ನೇ ಹುಡುಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಸಾಕೆನ್ನುತ್ತದೆ; ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಆಗಲೇಬೇಕು ಎಂಬ ಹಳೆಯ ನಿಯಮವೂ ಈಗಿಲ್ಲ. ಸೆಂಟ್ರಲ್ ನಿಲ್ದಾಣದಿಂದ ಕಚೇರಿಗೆ ಆಟೋ ಬಿಟ್ಟು ನಡೆಯಿರಿ, ಸಂಜೆಯೂ ಹಾಗೆಯೇ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಜೂನ್‌ನಲ್ಲಿ ಮಳೆ ಹಿಡಿದರೆ ಮನೆಯ ಚಾವಡಿಯಲ್ಲೇ ಸೂರ್ಯನಮಸ್ಕಾರ ಮಾಡಬಹುದು. ಸ್ನಾಯುಗಳಿಗೆ ಬಲ ಕೊಡುವ ಕೆಲಸ ವಾರಕ್ಕೆ ಎರಡು ದಿನವಾದರೂ ಬೇಕು. ಅಡಿಕೆ ತೋಟವಿದ್ದರೆ ಭಾನುವಾರ ಗೊಬ್ಬರ ಹೊರುವುದೂ ಲೆಕ್ಕಕ್ಕೆ ಬರುತ್ತದೆ. ಜಿಮ್ಮಿಗಿಂತ ಅದನ್ನೇ ನಾನು ಮೆಚ್ಚುತ್ತೇನೆ. ನನ್ನ ರಕ್ತದೊತ್ತಡ ಹತೋಟಿಗೆ ಬಂದದ್ದು ಮಾತ್ರೆ ಬಿಡದೆ, ಹೀಗೆ ನಡೆಯುತ್ತಾ, ಕಣ್ತುಂಬ ನಿದ್ದೆ ಮಾಡುತ್ತಾ.

ಇಬ್ಬರ ಕೆಲಸವನ್ನು ನಿಮ್ಮೊಬ್ಬರ ತಲೆಗೆ ಕಟ್ಟಿದ್ದರೆ ಅದನ್ನು ಯಾವ ವ್ಯಾಯಾಮವೂ ಇಳಿಸದು, ಮೇಲಧಿಕಾರಿಯ ಬಳಿ ಬಾಯಿಬಿಟ್ಟು ಹೇಳಿ. ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ನಡಿಗೆಯನ್ನೇ ನಂಬಿ ಕೂರಬೇಡಿ. ವೈದ್ಯರನ್ನು ಕಾಣಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.