ನೀವು ಕೇಳಿದ್ದೀರಿ: ಯೇಲ್ ಬೋರ್ಡ್ ಇಲ್ಲದಿದ್ದರೂ ಸ್ವಿಚ್ ಒತ್ತಿದರು

ಪ್ರಶ್ನೆ: ಮಿಲ್‌ಗ್ರಾಂ ಪ್ರಯೋಗದಲ್ಲಿ ಜನ ಹೇಳಿದಂತೆ ಕೇಳಿದ್ದಕ್ಕೆ ಯೇಲ್ ವಿಶ್ವವಿದ್ಯಾಲಯದ ಹೆಸರೇ ಕಾರಣ ಅಂತ ನಮ್ಮ ಗೈಡ್‌ನಲ್ಲಿದೆ. ಹಾಗಾದರೆ ಸಾಧಾರಣ ಜಾಗದಲ್ಲಿ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲವೇ ಸಾರ್?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೇಳುತ್ತಿದ್ದರಮ್ಮ. ಕೇಳಿಯೂ ಇದ್ದಾರೆ. ಗೈಡ್ ಬರೆದವರು ಮೊದಲ ಪ್ರಯೋಗಕ್ಕೇ ಪುಸ್ತಕ ಮುಚ್ಚಿದಂತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. 1961ರಲ್ಲಿ ಯೇಲ್‌ನ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಂ ಅಮೆರಿಕದ ನ್ಯೂ ಹೇವನ್‌ನಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟರು. ನೆನಪಿನ ಶಕ್ತಿಯ ಅಧ್ಯಯನ, ಒಂದು ಗಂಟೆಯ ಕೆಲಸ, 4 ಡಾಲರ್, ಓಡಾಟದ ಖರ್ಚಿಗೆ ಇನ್ನೂ 50 ಸೆಂಟ್. ಬಂದವರನ್ನು ‘ಮೇಷ್ಟ್ರು’ ಮಾಡಿ ಒಂದು ಯಂತ್ರದ ಮುಂದೆ ಕೂರಿಸಿದರು. ಸಾಲಾಗಿ 30 ಸ್ವಿಚ್, 15 ವೋಲ್ಟ್‌ನಿಂದ 450ರವರೆಗೆ. ಕೊನೆಯ ಎರಡರ ಕೆಳಗೆ ಬರೀ ಮೂರು ‘ಎಕ್ಸ್’. ಪಕ್ಕದ ಕೋಣೆಯಲ್ಲಿ ಕಟ್ಟಿ ಕೂರಿಸಿದ್ದ ‘ವಿದ್ಯಾರ್ಥಿ’ ತಪ್ಪು ಉತ್ತರ ಕೊಟ್ಟಾಗೆಲ್ಲ ಒಂದು ಸ್ವಿಚ್ ಮೇಲಕ್ಕೆ ಹೋಗಿ ಶಾಕ್ ಕೊಡಬೇಕು ಅಂತ, ಮೇಷ್ಟ್ರ ಕೋಣೆಯಲ್ಲೇ ಇದ್ದ ಪ್ರಯೋಗ ನಡೆಸುವವನ ಅಪ್ಪಣೆ. ಆ ‘ವಿದ್ಯಾರ್ಥಿ’ 47 ವರ್ಷದ ಲೆಕ್ಕಿಗ. ನಟಿಸುತ್ತಿದ್ದ, ಅವನಿಗೆ ಶಾಕ್ ತಗಲುತ್ತಲೇ ಇರಲಿಲ್ಲ. ಮೇಷ್ಟ್ರಿಗೆ ಮಾತ್ರ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ 450ರವರೆಗೂ ಹೋದರು. ದುಡ್ಡಿನಾಸೆಗೆ ಅನ್ನಬೇಡಿ. ಏನೇ ಆದರೂ ದುಡ್ಡು ನಿಮ್ಮದೇ ಅಂತ ಮೊದಲೇ ಹೇಳಿದ್ದರು.

ಈಗ ನಿಮ್ಮ ಪ್ರಶ್ನೆ. ಮುಂದೆ ಮಿಲ್‌ಗ್ರಾಂ ಯೇಲ್‌ನ ಚಂದದ ಪ್ರಯೋಗಾಲಯ ಬಿಟ್ಟು ಅಲ್ಲೇ ನೆಲಮಾಳಿಗೆಗೆ ಇಳಿದರು. ಆಗಲೂ 40ರಲ್ಲಿ 26. ಆಮೇಲೆ ಯೇಲ್ ಅನ್ನೇ ಬಿಟ್ಟರು. ಬ್ರಿಜ್‌ಪೋರ್ಟ್ ಊರಿನ ಪೇಟೆ ಬೀದಿಯಲ್ಲಿ, ಸ್ವಲ್ಪ ಹಳತಾದ ಕಟ್ಟಡದಲ್ಲಿ ಆಫೀಸು ಬಾಡಿಗೆಗೆ ಹಿಡಿದರು. ಕುರ್ಚಿ ಮೇಜು ಅಷ್ಟಕ್ಕಷ್ಟೆ. ಕೇಳಿದವರಿಗೆ, ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಖಾಸಗಿ ಸಂಸ್ಥೆ ಅಂತ ಉತ್ತರ. ಯಾರೂ ಹೆಸರು ಕೇಳಿರದ ಆ ಜಾಗದಲ್ಲೂ 40ಕ್ಕೆ 19 ಜನ ಕೊನೆಯ ಸ್ವಿಚ್ ಒತ್ತಿದರು. 26ರಿಂದ 19ಕ್ಕೆ ಇಳಿಯಿತು, ನಿಜ. ಆದರೆ ಇದನ್ನು ಭಾರಿ ಇಳಿಕೆ ಅಂತ ಮಿಲ್‌ಗ್ರಾಂ ಕೂಡ ಹೇಳಲಿಲ್ಲ.

ಹಾಗಾದರೆ ಎಲ್ಲಿ ಧಡಾರನೆ ಬಿತ್ತು? ಅಪ್ಪಣೆ ಕೊಡುವವನು ಕೋಣೆಯಿಂದ ಎದ್ದು ಹೋದಾಗ. ಅವನು 31 ವರ್ಷದ ಜೀವಶಾಸ್ತ್ರದ ಮೇಷ್ಟ್ರು. ತೊಟ್ಟಿದ್ದು ಬೂದು ಬಣ್ಣದ ಕೋಟು. (ಗೈಡ್‌ಗಳಲ್ಲಿ ಅದು ಯಾಕೋ ಬಿಳಿಯಾಗಿಬಿಡುತ್ತದೆ.) ಸ್ವಿಚ್ ಒತ್ತುವ ‘ಮೇಷ್ಟ್ರು’ ಹಿಂಜರಿದರೆ ಇವನು ‘ದಯವಿಟ್ಟು ಮುಂದುವರಿಸಿ’ ಅನ್ನುತ್ತಿದ್ದ. ಮತ್ತೂ ತಡೆದರೆ ಮಾತು ಬಿಗಿಯಾಗುತ್ತಿತ್ತು. ಒಟ್ಟು ನಾಲ್ಕು ಮಾತು, ಕೊನೆಯದು ‘ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು’. ಅದೇ ಮನುಷ್ಯ ಫೋನಿನಲ್ಲಿ ಹೇಳಿದಾಗ ಕೊನೆಯವರೆಗೆ ಹೋದವರು ಸುಮಾರು ಐದರಲ್ಲಿ ಒಬ್ಬರು ಮಾತ್ರ. ಕೆಲವರಂತೂ ‘ಹೂಂ, ಹೆಚ್ಚಿಸುತ್ತಿದ್ದೇನೆ’ ಅಂತ ಫೋನಿಗೆ ಹೇಳಿ, ಸುಮ್ನೆ 15 ವೋಲ್ಟ್ ಸ್ವಿಚ್ಚನ್ನೇ ಒತ್ತುತ್ತಿದ್ದರು! ನನಗೆ ಇವರ ಮೇಲೆ ತುಂಬಾ ಪ್ರೀತಿ. ಎದುರು ನಿಂತು ‘ಆಗಲ್ಲ’ ಅನ್ನುವ ಧೈರ್ಯ ಅವರಿಗಿಲ್ಲ, ಹಾಗಂತ ಹಿಂಸೆ ಕೊಡಲೂ ಮನಸ್ಸಿಲ್ಲ.

ಜತೆಗೆ ಕೂತವರ ಲೆಕ್ಕ ಇನ್ನೂ ಜೋರು. ಪಕ್ಕದ ಇಬ್ಬರು ‘ಮೇಷ್ಟ್ರುಗಳು’ (ಅವರೂ ನಟರೇ) ನಾವು ಮಾಡಲ್ಲ ಅಂತ ಎದ್ದಾಗ, 40ರಲ್ಲಿ 36 ಜನ ತಾವೂ ಮಧ್ಯದಲ್ಲೇ ಕೈಬಿಟ್ಟರು. ಅಪ್ಪಣೆ ಕೊಡುವವರು ಇಬ್ಬರಿದ್ದು, ಒಬ್ಬ ‘ನಿಲ್ಲಿಸಿ’, ಇನ್ನೊಬ್ಬ ‘ಮುಂದುವರಿಸಿ’ ಅಂದಾಗ ಕೊನೆ ಮುಟ್ಟಿದವರು ಒಬ್ಬರೂ ಇಲ್ಲ. ಹೀಗಾಗಿ ಪರೀಕ್ಷೆಯಲ್ಲಿ ಯೇಲ್ ಹೆಸರಿಗೆ ಒಂದು ವಾಕ್ಯ ಸಾಕು. ಉಳಿದದ್ದೆಲ್ಲ ಯಾರು ಹೇಳಿದರು, ಎಷ್ಟು ಹತ್ತಿರ ನಿಂತಿದ್ದರು, ಪಕ್ಕದಲ್ಲಿ ಯಾರಿದ್ದರು ಅನ್ನುವುದಕ್ಕೆ ಇರಲಿ.

ಒಂದು ಎಚ್ಚರಿಕೆ. ಜೀನಾ ಪೆರಿ ಎಂಬ ಲೇಖಕಿ ಆ ಕಾಲದ ಧ್ವನಿಮುದ್ರಣಗಳನ್ನು ಕೂತು ಕೇಳಿದರು. ಬೂದು ಕೋಟಿನವನು ಕೆಲವು ಸಲ ಆ ನಾಲ್ಕು ಮಾತಿಗೇ ನಿಲ್ಲದೆ ಒತ್ತಾಯ ಮಾಡಿದ್ದಾನೆ. ಇದೆಲ್ಲ ನಾಟಕ ಅಂತ ಗುಮಾನಿಪಟ್ಟವರೂ ಕಡಿಮೆ ಇರಲಿಲ್ಲ. ಸಂಖ್ಯೆ ಬರೆಯುವಾಗ ಇದನ್ನೂ ಬರೆಯಿರಿ.

ಪ್ರಶ್ನೆ: 22 ನರ್ಸ್‌ಗಳಲ್ಲಿ 21 ಮಂದಿ ಗುರುತಿಲ್ಲದ ಡಾಕ್ಟರ್ ಮಾತು ಕೇಳಿ ಮಿತಿಮೀರಿದ ಔಷಧಿ ಕೊಡಲು ಹೊರಟರಂತೆ. ನಾನೂ ನರ್ಸ್. ನಾವು ಅಷ್ಟು ದಡ್ಡರಾ?
– ಓದುಗರು, ಹಾಸನ

ಉತ್ತರ: ಖಂಡಿತ ಅಲ್ಲ. 1966ರಲ್ಲಿ ಪ್ರಕಟವಾದ ಹಾಫ್ಲಿಂಗ್ ಅಧ್ಯಯನ ಅದು. ಡಬ್ಬಿಯ ಮೇಲೆ ದಿನಕ್ಕೆ ಹೆಚ್ಚೆಂದರೆ 10 ಮಿಲಿಗ್ರಾಂ ಅಂತಿತ್ತು. ಫೋನಿನಲ್ಲಿ ಬಂದ ಅಪ್ಪಣೆ 20. ಆದರೆ ಆ ಔಷಧಿಯ ಹೆಸರೇ ಕಟ್ಟುಕತೆ, ಯಾವ ನರ್ಸೂ ಕೇಳಿದ್ದಲ್ಲ. ಒಳಗಿದ್ದದ್ದು ಗ್ಲೂಕೋಸ್. 1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಇದನ್ನೇ ಬದಲಿಸಿ ನೋಡಿದರು. ಎಲ್ಲರಿಗೂ ಗೊತ್ತಿರುವ ವ್ಯಾಲಿಯಂ ಇಟ್ಟರು, ಸಹೋದ್ಯೋಗಿಗಳನ್ನು ಕೇಳಲು ಅವಕಾಶವನ್ನೂ ಬಿಟ್ಟರು. ಆಗ 18ರಲ್ಲಿ ಕೊಡಲು ಹೊರಟವರು ಇಬ್ಬರೇ. ಮುಂದಿನ ಸಲ ಯಾರಾದರೂ 21ರ ಕತೆ ಹೇಳಿ ಕೆಣಕಿದರೆ, ಈ ಎರಡನೆಯದನ್ನೂ ಹೇಳಿ.