ವಸ್ತಾದರ ತೆಂಗಿನಕಾಯಿ

ಮುಲುಂಡಿನ ಓದುಗರೊಬ್ಬರ ಕಾಗದ: ಜನವರಿಯಲ್ಲಿ ಮನೆ ಹತ್ತಿರದ ಜಿಮ್ಮಿಗೆ ಸೇರಿದರಂತೆ. ರಾತ್ರಿ ಹತ್ತಕ್ಕೆ, ಮೊಬೈಲಿನಲ್ಲೇ, ಎರಡು ನಿಮಿಷದ ಕೆಲಸ. ವರ್ಷದ ಕರಾರು, ತಿಂಗಳ ಕಂತು. ಏಪ್ರಿಲಿನಲ್ಲಿ ಮಂಡಿನೋವು ಬಂದು ಡಾಕ್ಟರು ಬೇಡವೆಂದರು. ಬಿಡಬೇಕಾದರೆ ಖುದ್ದಾಗಿ ಬರಬೇಕು, ಹನ್ನೊಂದರಿಂದ ಐದರೊಳಗೆ, ಮ್ಯಾನೇಜರು ಇದ್ದಾಗ. ಮೂರು ಸಲ ಅರ್ಧ ರಜೆ ಹಾಕಿ ಹೋದರೂ ಮ್ಯಾನೇಜರು ಸಿಕ್ಕಿಲ್ಲ. ಕಂತು ಮಾತ್ರ ತಪ್ಪದೆ ಹೋಗುತ್ತಿದೆ. 'ತಪ್ಪು ನನ್ನದೇ?' ಎಂದು ಕೇಳಿದ್ದಾರೆ.

ಸ್ವಲ್ಪ ನಿಮ್ಮದೇ, ಸ್ವಾಮಿ. ತರಕಾರಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ನಾವು ಕರಾರನ್ನು ಓದದೆ ಹೆಬ್ಬೆಟ್ಟು ಒತ್ತುತ್ತೇವೆ. ಅಮೆರಿಕದ ವಿಶ್ವವಿದ್ಯಾಲಯಗಳ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ಜಿಮ್ಮಿಗೆ ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಹೋಗುತ್ತಿದ್ದುದು ಸರಾಸರಿ ನಾಲ್ಕು ಚಿಲ್ಲರೆ ಸಲ. ಒಂದೊಂದು ಸಲಕ್ಕೆ 17 ಡಾಲರ್ ಬಿತ್ತು. ಅಲ್ಲೇ ಹತ್ತು ಸಲದ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರ್ ಬೀಳುತ್ತಿತ್ತು! ನಾಳೆಯಿಂದ ನಾವು ಬೇರೆ ಮನುಷ್ಯರಾಗುತ್ತೇವೆಂಬ ನಂಬಿಕೆ ಎಲ್ಲ ಕಡೆಯೂ ಒಂದೇ.

ಜಿಮ್ಮಿನವರಿಗೂ ಮುಂಬಯಿಯ ಬಾಡಿಗೆ ಇದೆ, ಯಂತ್ರಗಳ ಸಾಲ ಇದೆ. ಒಪ್ಪಿದೆ. ಅವರ ಪರವಾಗಿ ಅಷ್ಟು ಮಾತು ಸಾಕು.

ಪರೇಲಿನ ಚಾಳಿನಲ್ಲಿದ್ದಾಗ ನಾನೂ ಪಕ್ಕದ ತಾಲೀಮಿಗೆ, ಅಂದರೆ ಗರಡಿಮನೆಗೆ, ಸೇರಿದ್ದೆ. ಶುಲ್ಕವೆಂದರೆ ಶನಿವಾರ ಮಾರುತಿಗೆ ಒಂದು ತೆಂಗಿನಕಾಯಿ. ಹದಿನಾಲ್ಕನೇ ದಿನ ಮೈಕೈ ನೋವಿಗೆ ಹೆದರಿ ಬಿಟ್ಟೆ. ಒಂದು ತಿಂಗಳು ಆ ಗಲ್ಲಿ ತಪ್ಪಿಸಿ ಸುತ್ತುಬಳಸಿ ಓಡಾಡಿದರೂ ಗರಡಿಯ ಗುರು ವಸ್ತಾದರು ಹಾಲಿನ ಬೂತಿನೆದುರು ಸಿಕ್ಕೇಬಿಟ್ಟರು. ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: 'ಊಟ ಸರಿಯಾಗಿ ಮಾಡ್ತಿದ್ದೀಯಲ್ಲ?'

ಈಗ ನೀವು ಮಾಡಬೇಕಾದ್ದು. ಡಾಕ್ಟರ ಚೀಟಿ ಸೇರಿಸಿ 'ಬಿಟ್ಟಿದ್ದೇನೆ' ಎಂದು ಈಮೇಲ್ ಕಳಿಸಿ. ಆಮೇಲೆ ಯುಪಿಐ ಆಪ್‌ನಲ್ಲಿ ಆಟೊಪೇ ನೀವೇ ರದ್ದು ಮಾಡಿ. ಜಿಮ್ಮಿನವರು ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. 2019ರ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಸೇರಿಸಿಕೊಂಡು, ಬಿಡುವ ದಾರಿಯನ್ನು ಕಗ್ಗಂಟು ಮಾಡುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ನಿಷೇಧಿಸಿದೆ. ಅಂಥ 13 ಕುಯುಕ್ತಿಗಳ ಪಟ್ಟಿಯಲ್ಲಿ ಇದೂ ಒಂದು.

ಜಿಮ್ಮೊಂದೇ ಅಲ್ಲ. ಕ್ರೆಡಿಟ್ ಕಾರ್ಡು, ಟೀವಿ ಚಾನೆಲ್ಲು, ಎಲ್ಲ ಕಡೆ ಬರುವಾಗ ಆರತಿ, ಹೊರಟರೆ ಚಪ್ಪಲಿಯೇ ಮಾಯ. ನನ್ನ ಗೆಳೆಯರೊಬ್ಬರ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಅವಳ ಅಮ್ಮನಿಗೆ ವರ ಹುಡುಕಲು ಅಂದು ಸೇರಿದ್ದ ಸೈಟಿನಿಂದ ಗೆಳೆಯರಿಗೆ ಇನ್ನೂ ಫೋನ್ ಬರುತ್ತದೆ.

ನಮ್ಮ ಪತ್ರಿಕೆಯ ಚಂದಾ ಬಿಡಲು ಒಂದು ಅಂಚೆ ಕಾರ್ಡು ಸಾಕು. ಬಿಟ್ಟವರೊಬ್ಬರಿಗೆ ನಾನು ಮೂರು ಕಾಗದ ಬರೆದು ಗೋಗರೆದದ್ದು ನಿಜ. ನಾಲ್ಕನೆಯದನ್ನು ಮನೆಯವಳು ಅಂಚೆಗೆ ಹಾಕಲಿಲ್ಲ.